ಹುಲ್ಲಿಗೆ ಕಾಲಿಡುವ ಮುನ್ನ: ಹಳೆಯ ಪೋಕೆಮಾನ್ ಆಟವನ್ನು ಮೊದಲ ಸಲ ಆಡುವವರಿಗೆ

ಪೋಕೆಮಾನ್ ರೆಡ್ ಮತ್ತು ಬ್ಲೂ ಮೇಲ್ನೋಟಕ್ಕೆ ಮಕ್ಕಳಾಟ. ಅಂಗೈಗಿಂತ ಚಿಕ್ಕ ಪರದೆ, ನಾಲ್ಕೇ ಛಾಯೆಗಳ ಚಿತ್ರ, ಟೋಪಿ ಹಾಕಿದ ಪುಟ್ಟ ಹುಡುಗ, ಎತ್ತರದ ಹುಲ್ಲು. ಹುಲ್ಲಿನಲ್ಲಿ ನಡೆದರೆ ಯಾವುದೋ ಪ್ರಾಣಿ, ಅಂದರೆ ಒಂದು ಪೋಕೆಮಾನ್, ಎದುರಾಗುತ್ತದೆ. ಅದರೊಡನೆ ಕಾದಾಡಬಹುದು, ಅದನ್ನು ಹಿಡಿಯಬಹುದು, ಇಲ್ಲವೇ ಓಡಿ ಪಾರಾಗಬಹುದು. ಇಷ್ಟನ್ನು ಎಂಟು ವರ್ಷದ ಮಗುವೂ ಸ್ವಲ್ಪ ಹೊತ್ತಿನಲ್ಲೇ ಕಲಿತುಬಿಡುತ್ತದೆ. ಆದರೆ ಮೂವತ್ತು ದಾಟಿದ ಮೇಲೆ ಮೊದಲ ಬಾರಿಗೆ ಇದನ್ನು ಕೈಗೆತ್ತಿಕೊಂಡವರು ಮೊದಲ ಜಿಮ್ (ನುರಿತ ಎದುರಾಳಿಯೊಬ್ಬನನ್ನು ಸೋಲಿಸಬೇಕಾದ ಅಖಾಡ) ತಲುಪುವಷ್ಟರಲ್ಲಿ ಕಂಗಾಲಾಗಿರುತ್ತಾರೆ. ಅವರ ಪ್ರಾಣಿ ಚಾರ್ಮ್ಯಾಂಡರ್ ಎಷ್ಟು ಪರಚಿದರೂ ಎದುರಿಗಿರುವ ಬಂಡೆಗಳ ಹಾವು ಕದಲುವುದಿಲ್ಲ. ಏಕೆ ಎಂದು ಆಟ ಹೇಳುವುದೂ ಇಲ್ಲ.

ಈ ಆಟದ ಕಷ್ಟವೆಲ್ಲ ಅದು ಹೇಳದೆ ಬಿಟ್ಟ ಸಂಗತಿಗಳಲ್ಲಿದೆ. ಅವು ಎರಡು ತರಹ. ಒಂದು, ಪರದೆಯ ಹಿಂದೆ ನಡೆಯುವ ಲೆಕ್ಕ. ಇನ್ನೊಂದು, ಯಾವ ಊರಿನಲ್ಲಿ ಏನಿದೆ, ಯಾರನ್ನು ಮಾತನಾಡಿಸಬೇಕು, ಮುಂದಿನ ದಾರಿ ಯಾವುದು ಎಂಬುದು. ಮೊದಲನೆಯದನ್ನು ಆಡುವ ಮುನ್ನವೇ ತಿಳಿದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಅದು ತಿಳಿದಷ್ಟೂ ಆಟ ರುಚಿಸುತ್ತದೆ. ಎರಡನೆಯದನ್ನು ಯಾರಿಂದಲೂ ಕೇಳಬಾರದು, ಎಲ್ಲಿಯೂ ಓದಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಇಲ್ಲಿ ಹೆಚ್ಚಾಗಿ ಲೆಕ್ಕದ ಮಾತೇ ಇದೆ. ದಾರಿಯ ಬಗ್ಗೆ ಅನಿವಾರ್ಯವಾದಷ್ಟನ್ನು ಮಾತ್ರ ಬಾಯಿಬಿಟ್ಟಿದ್ದೇನೆ.

ಆಟ ಇಷ್ಟು ಮಿತಭಾಷಿಯಾಗಲು ಅದು ಹುಟ್ಟಿದ ಯಂತ್ರವೂ ಒಂದು ಕಾರಣ. ನಿಂಟೆಂಡೊ ಕಂಪನಿಯ ಗೇಮ್ ಬಾಯ್ 1989ರಲ್ಲಿ ಬಂದದ್ದು. ಪರದೆಯಲ್ಲಿ ಅಡ್ಡಕ್ಕೆ 160, ಎತ್ತರಕ್ಕೆ 144 ಚುಕ್ಕೆಗಳು. ಕೆಲಸಕ್ಕೆ ಒದಗುವ ಮೆಮೊರಿ 8 ಕಿಲೋಬೈಟ್. ನಾಲ್ಕು ಪೆನ್ಸಿಲ್ ಸೆಲ್ ಹಾಕಬೇಕು. ಆಟದಲ್ಲಿ ಯಾರಾದರೂ ಮಾತನಾಡಿದರೆ ಪರದೆಯ ಕೆಳಗೆ ಎರಡು ಸಾಲು ಮೂಡುತ್ತದೆ, ಒಂದೊಂದು ಸಾಲಿಗೆ 18 ಅಕ್ಷರ. ಅಷ್ಟು ಇಕ್ಕಟ್ಟಿನಲ್ಲಿ ವಿವರಣೆ ಕೊಡುತ್ತಾ ಕೂರಲು ಆಗುವುದಿಲ್ಲ.

ಇದನ್ನು ಕಟ್ಟಿದವರು ಗೇಮ್ ಫ್ರೀಕ್ ಎಂಬ ಪುಟ್ಟ ತಂಡ. ಅದರ ಮುಂದಾಳು ಸತೋಶಿ ತಜಿರಿ. ಟೋಕಿಯೊ ಹೊರವಲಯದ ಮಚಿಡಾದಲ್ಲಿ ಬೆಳೆದ ಅವರಿಗೆ ಬಾಲ್ಯದಲ್ಲಿ ಕೀಟ ಹಿಡಿಯುವ ಹುಚ್ಚು. ಊರು ಬೆಳೆಯುತ್ತಾ ಗದ್ದೆ, ಹೊಂಡಗಳು ಮಾಯವಾದವು, ಕೀಟಗಳೂ ಹೋದವು. 1983ರಲ್ಲಿ ಅವರು ಆಟಗಳ ಬಗ್ಗೆ ಗೇಮ್ ಫ್ರೀಕ್ ಎಂಬ ಪತ್ರಿಕೆಯನ್ನು ಸ್ವಂತವಾಗಿ ಹೊರತರಲಾರಂಭಿಸಿದರು. ಆ ಪತ್ರಿಕೆಗೆ ಚಿತ್ರ ಬರೆದುಕೊಡಲು ಬಂದ ಕೆನ್ ಸುಗಿಮೊರಿ ಮುಂದೆ ಪೋಕೆಮಾನ್‌ಗಳಿಗೆ ರೂಪ ಕೊಟ್ಟರು. ಗೇಮ್ ಬಾಯ್ ಬಂದಾಗ ತಜಿರಿಯ ಕಣ್ಣಿಗೆ ಬಿದ್ದದ್ದು ಎರಡು ಯಂತ್ರಗಳನ್ನು ಜೋಡಿಸುವ ಕೇಬಲ್. ಉಳಿದವರಿಗೆ ಅದು ಇಬ್ಬರು ಎದುರುಬದುರು ಸೆಣಸುವ ದಾರಿ. ತಜಿರಿ ಮಾತ್ರ ಆ ತಂತಿಯ ಮೇಲೆ ಕೀಟಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಿದು ಹೋಗುವುದನ್ನು ಕಲ್ಪಿಸಿಕೊಂಡರು. ಸುಮಾರು ಆರು ವರ್ಷದ ಕೆಲಸದ ನಂತರ, 1996ರ ಫೆಬ್ರವರಿ 27ರಂದು, ಜಪಾನಿನಲ್ಲಿ ರೆಡ್ ಮತ್ತು ಗ್ರೀನ್ ಎಂಬ ಎರಡು ಆವೃತ್ತಿಗಳು ಹೊರಬಂದವು. 1998ರಲ್ಲಿ ಅಮೆರಿಕಕ್ಕೆ ಬರುವಾಗ ಅವು ರೆಡ್ ಮತ್ತು ಬ್ಲೂ ಆದವು. ಒಂದೇ ಆಟಕ್ಕೆ ಎರಡು ಆವೃತ್ತಿ ಏಕೆ ಎಂಬುದಕ್ಕೂ ಆ ತಂತಿಯೇ ಉತ್ತರ. ಅದನ್ನು ಆಮೇಲೆ ನೋಡೋಣ.

ಕರ್ನಾಟಕದಲ್ಲಿ ನಮ್ಮಲ್ಲಿ ಬಹಳ ಜನಕ್ಕೆ ಪಿಕಾಚು ಪರಿಚಯವಾದದ್ದು 2000ರ ದಶಕದ ಟೀವಿ ಕಾರ್ಟೂನಿನಿಂದ. ಗೇಮ್ ಬಾಯ್ ಯಂತ್ರ ಕೈಯಲ್ಲಿ ಹಿಡಿದವರು ವಿರಳ. ಹಾಗೆ ಟೀವಿಯಿಂದ ಬಂದವರು ಒಂದು ವಿಷಯವನ್ನು ಮರೆತು ಆಟ ಶುರುಮಾಡಬೇಕು. ಕಾರ್ಟೂನಿನಲ್ಲಿ ವಿದ್ಯುತ್ ಹರಿಸುವ ಪಿಕಾಚು ಮೊದಲ ಜಿಮ್‌ನ ಒಡೆಯ ಬ್ರಾಕ್‌ನ ಓನಿಕ್ಸ್ ಎಂಬ ಬಂಡೆಗಳ ಹಾವನ್ನು ಮಣಿಸುತ್ತದೆ. ಚಾವಣಿಯ ಕೊಳವೆಗಳಿಂದ ನೀರು ಸುರಿದು ಬಂಡೆ ಒದ್ದೆಯಾದದ್ದು ಅದಕ್ಕೆ ನೆಪ. ಆಟದಲ್ಲಿ ಅಂಥ ದಯೆ ಇಲ್ಲ. ಓನಿಕ್ಸ್ ನೆಲದ ಟೈಪಿನದು, ಅಂದರೆ ನೆಲದ ಗುಣದ್ದು. ವಿದ್ಯುತ್ತಿನ ಪೆಟ್ಟು ನೆಲಕ್ಕೆ ತಾಗುವುದು ಸೊನ್ನೆ.

ಸರಿ, ಲೆಕ್ಕಕ್ಕೆ ಬರೋಣ. ಪ್ಯಾಲೆಟ್ ಎಂಬ ಊರಿನಲ್ಲಿ ಪ್ರೊಫೆಸರ್ ಓಕ್ ನಿಮ್ಮ ಮುಂದೆ ಮೂರು ಪ್ರಾಣಿಗಳನ್ನು ಇಟ್ಟು ಒಂದನ್ನು ಆರಿಸಿಕೊಳ್ಳಲು ಹೇಳುತ್ತಾರೆ. ಬೆನ್ನ ಮೇಲೆ ಗೆಡ್ಡೆ ಹೊತ್ತ ಬಲ್ಬಸಾರ್, ಬಾಲದ ತುದಿಯಲ್ಲಿ ಬೆಂಕಿಯಿರುವ ಚಾರ್ಮ್ಯಾಂಡರ್, ಆಮೆಯಂಥ ಸ್ಕ್ವರ್ಟಲ್. ಗಿಡ, ಬೆಂಕಿ, ನೀರು. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಗಿಡವನ್ನು ಸುಡುತ್ತದೆ, ಗಿಡ ನೀರನ್ನು ಹೀರುತ್ತದೆ. ಈ ಆಟದಲ್ಲಿ ಇಂಥ 15 ಟೈಪುಗಳಿವೆ. ಪ್ರತಿ ಪ್ರಾಣಿಗೆ ಒಂದು ಅಥವಾ ಎರಡು ಟೈಪ್. ಅದು ಬಳಸುವ ಪ್ರತಿ ಪಟ್ಟಿಗೂ, ಅಂದರೆ ಕಾಳಗದ ಪ್ರತಿ ವಿದ್ಯೆಗೂ, ಒಂದು ಟೈಪ್. ಪಟ್ಟಿನ ಟೈಪ್ ಎದುರಾಳಿಯ ಟೈಪಿಗೆ ಮಾರಕವಾಗಿದ್ದರೆ ಪೆಟ್ಟು ಎರಡು ಪಟ್ಟು, ತಡೆಯುವಂಥದ್ದಾಗಿದ್ದರೆ ಅರ್ಧ, ಕೆಲವು ಜೋಡಿಗಳಲ್ಲಿ ಸೊನ್ನೆ. ಎದುರಾಳಿಗೆ ಎರಡು ಟೈಪ್ ಇದ್ದರೆ ಎರಡನ್ನೂ ಗುಣಿಸಬೇಕು. ಹಾಗಾಗಿ ನಾಲ್ಕು ಪಟ್ಟಿನ ಪೆಟ್ಟೂ ಉಂಟು, ಕಾಲು ಭಾಗದ ಪೆಟ್ಟೂ ಉಂಟು. ಇದರ ಮೇಲೆ, ಪ್ರಾಣಿ ತನ್ನದೇ ಟೈಪಿನ ಪಟ್ಟು ಹಾಕಿದರೆ ಒಂದೂವರೆ ಪಟ್ಟು.

ಇನ್ನೊಂದು ಗುಟ್ಟು ಇದಕ್ಕಿಂತ ಆಳದಲ್ಲಿದೆ. ಪರಚುವುದು, ಗುದ್ದುವುದು ಮುಂತಾದ ಪಟ್ಟುಗಳ ಲೆಕ್ಕ ಹೊಡೆಯುವವನ ಅಟ್ಯಾಕ್ ಮತ್ತು ಹೊಡೆಸಿಕೊಳ್ಳುವವನ ಡಿಫೆನ್ಸ್ ಎಂಬ ಅಂಕಗಳ ಮೇಲೆ ನಡೆಯುತ್ತದೆ. ಬೆಂಕಿ, ನೀರು, ಗಿಡ, ವಿದ್ಯುತ್, ಹಿಮ, ಮನಶ್ಶಕ್ತಿ, ಡ್ರ್ಯಾಗನ್ ಈ ಏಳು ಟೈಪಿನ ಪಟ್ಟುಗಳ ಲೆಕ್ಕ ಸ್ಪೆಷಲ್ ಎಂಬ ಬೇರೆ ಅಂಕದ ಮೇಲೆ. ಹೊಡೆಯಲೂ ತಡೆಯಲೂ ಅದೊಂದೇ ಅಂಕ.

ಈಗ ಪ್ಯೂಟರ್ ಊರಿನ ಬ್ರಾಕ್‌ನ ಮುಂದೆ ನಿಲ್ಲೋಣ. ಎಂಟು ಜಿಮ್‌ಗಳಲ್ಲಿ ಮೊದಲನೆಯದು ಅವನದು. ಅವನ ಓನಿಕ್ಸ್ 14ನೇ ಲೆವೆಲಿನದು, ಬಂಡೆ ಮತ್ತು ನೆಲ ಎರಡೂ ಟೈಪ್, ಜೀವಬಲ ಸುಮಾರು 36. ಆ ಲೆವೆಲಿನಲ್ಲಿ ಅದರ ಡಿಫೆನ್ಸ್ 50 ದಾಟುತ್ತದೆ. ಸ್ಪೆಷಲ್ ಮಾತ್ರ 15ರ ಆಸುಪಾಸು. ನಿಮ್ಮ ಹತ್ತನೇ ಲೆವೆಲಿನ ಚಾರ್ಮ್ಯಾಂಡರ್ ಪರಚಿದರೆ ಆ ದೊಡ್ಡ ಡಿಫೆನ್ಸಿನಿಂದ ಭಾಗಿಸಿ, ಬಂಡೆ ಎಂಬ ಕಾರಣಕ್ಕೆ ಮತ್ತೆ ಅರ್ಧ ಮಾಡಿ, ಕೊನೆಗೆ ಬೀಳುವ ಪೆಟ್ಟು 1. ಹೌದು, ಒಂದೇ ಅಂಕ. ಅದೇ ಚಾರ್ಮ್ಯಾಂಡರ್ ಕಿಡಿ ಉಗುಳುವ ಎಂಬರ್ ಪಟ್ಟು ಹಾಕಿದರೆ, ಬಂಡೆಗೆ ಬೆಂಕಿ ಅರ್ಧವೇ ತಾಗಿದರೂ, ಲೆಕ್ಕ ಸ್ಪೆಷಲ್ ಮೇಲೆ ನಡೆಯುವುದರಿಂದ ನಾಲ್ಕೋ ಐದೋ ಅಂಕ ಹೋಗುತ್ತದೆ. ಅದೇ ಲೆವೆಲಿನ ಸ್ಕ್ವರ್ಟಲ್ ಗುಳ್ಳೆ ಊದಿದರೆ, ನೀರು ಬಂಡೆಗೂ ಮಾರಕ ನೆಲಕ್ಕೂ ಮಾರಕವಾದ್ದರಿಂದ ನಾಲ್ಕು ಪಟ್ಟಾಗಿ ಇಪ್ಪತ್ತಕ್ಕೂ ಹೆಚ್ಚು. ಎರಡು ಸರದಿಯಲ್ಲಿ ಓನಿಕ್ಸ್ ನೆಲಕ್ಕುರುಳುತ್ತದೆ. ಬಲ್ಬಸಾರ್ 13ನೇ ಲೆವೆಲಿನಲ್ಲಿ ಬಳ್ಳಿಯ ಚಾಟಿ ಕಲಿಯುತ್ತದೆ. ಅದರ ಪೆಟ್ಟು ನಲವತ್ತನ್ನು ದಾಟುತ್ತದೆ. ಒಂದೇ ಏಟು.

ಪರದೆಯ ಮೇಲೆ ಇದಾವುದೂ ಕಾಣುವುದಿಲ್ಲ. ‘ಅಷ್ಟೇನೂ ಪರಿಣಾಮ ಆಗಲಿಲ್ಲ’ ಎಂಬರ್ಥದ ಒಂದು ಸಾಲು ಬರುತ್ತದೆ, ಅಷ್ಟೆ. ಎಂಬರ್ ಹಾಕಿದಾಗಲೂ ಅದೇ ಸಾಲು, ಪರಚಿದಾಗಲೂ ಅದೇ ಸಾಲು. ಒಂದಕ್ಕೂ ಐದಕ್ಕೂ ಇರುವ ವ್ಯತ್ಯಾಸವನ್ನು ಎದುರಾಳಿಯ ಜೀವಬಲ ತೋರಿಸುವ ಗೆರೆ ಕುಗ್ಗುವುದನ್ನು ನೋಡಿಯೇ ಊಹಿಸಬೇಕು. ಬೆಂಕಿ ಬಂಡೆಗೆ ತಾಗದು ಎಂದು ಒಮ್ಮೆ ನಂಬಿದವರು ಎಂಬರ್ ಬಿಟ್ಟು ಪರಚುತ್ತಲೇ ಇರುತ್ತಾರೆ, ಸೋಲುತ್ತಲೇ ಇರುತ್ತಾರೆ.

ಆರಂಭಕ್ಕೆ ಯಾವ ಪ್ರಾಣಿ ಎಂದು ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಬಲ್ಬಸಾರ್. ಮೊದಲ ಎರಡು ಜಿಮ್‌ಗಳು ಬಂಡೆ ಮತ್ತು ನೀರಿನವು. ಅದಕ್ಕೆ ಎರಡೂ ಸಲೀಸು. ಚಾರ್ಮ್ಯಾಂಡರ್ ಆರಿಸಿದವರಿಗೆ ಆ ಎರಡೂ ಕಡೆ ಕಷ್ಟ. ಆದರೂ ನನ್ನನ್ನು ಕೇಳಿದರೆ ಚಾರ್ಮ್ಯಾಂಡರ್ ಎನ್ನುತ್ತೇನೆ. ಬಲ್ಬಸಾರ್ ಹಿಡಿದವರು ಗೆದ್ದುಕೊಂಡು ಹೋಗುತ್ತಾರೆ, ಆದರೆ ಆಟ ಹೇಗೆ ಕಟ್ಟಿದೆ ಎಂಬುದು ಅವರಿಗೆ ತಡವಾಗಿ ತಿಳಿಯುತ್ತದೆ. ಚಾರ್ಮ್ಯಾಂಡರ್ ಹಿಡಿದವರು ಬ್ರಾಕ್‌ನ ಮುಂದೆ ಸೋತು, ಬೇರೆ ದಾರಿ ಇದೆಯೇ ಎಂದು ಹಿಂದಿರುಗಿ ನೋಡಬೇಕಾಗುತ್ತದೆ.

ಹಿಂದಿರುಗಿ ನೋಡಿದರೆ ವಿರಿಡಿಯನ್ ಕಾಡು ಕಾಣುತ್ತದೆ. ಅಲ್ಲಿ ಸಿಗುವ ಕ್ಯಾಟರ್‌ಪೀ ಎಂಬ ಹುಳು 7ನೇ ಲೆವೆಲಿಗೆ ಗೂಡು ಕಟ್ಟಿಕೊಂಡು, 10ನೇ ಲೆವೆಲಿಗೆ ಬಟರ್‌ಫ್ರೀ ಎಂಬ ಚಿಟ್ಟೆಯಾಗುತ್ತದೆ. 12ನೇ ಲೆವೆಲಿಗೆ ಅದು ಕಲಿಯುವ ಮನಶ್ಶಕ್ತಿಯ ಪಟ್ಟಿನ ಲೆಕ್ಕವೂ ಸ್ಪೆಷಲ್ ಮೇಲೆಯೇ. ಓನಿಕ್ಸಿನ ದುರ್ಬಲ ಜಾಗಕ್ಕೇ ನೇರ ಹೊಡೆತ. ಆಟದುದ್ದಕ್ಕೂ ಹೀಗೆಯೇ. ಎರಡನೆಯ ಜಿಮ್ ಸೆರೂಲಿಯನ್ ಊರಿನ ಮಿಸ್ಟಿಯದು, ನೀರಿನದು. ಊರಿನ ಉತ್ತರದ ಹುಲ್ಲಿನಲ್ಲೇ ಗಿಡದ ಟೈಪಿನ ಆಡಿಶ್ ಅಥವಾ ಬೆಲ್‌ಸ್ಪ್ರೌಟ್ ಸಿಗುತ್ತದೆ. ಮೂರನೆಯದು ವರ್ಮಿಲಿಯನ್ ಬಂದರಿನ ಸರ್ಜ್‌ನದು, ವಿದ್ಯುತ್ತಿನದು. ಊರಿನ ಪೂರ್ವಕ್ಕೆ ಕಾಲಿಟ್ಟರೆ ಒಂದು ಗವಿ, ಅದರ ತುಂಬ ಡಿಗ್ಲೆಟ್ ಎಂಬ ನೆಲದ ಟೈಪಿನ ಪ್ರಾಣಿಗಳು. ಅವಕ್ಕೆ ವಿದ್ಯುತ್ ತಾಗುವುದೇ ಇಲ್ಲ. ಸರ್ಜ್‌ನ ರೈಚುವಿಗೆ ಸೋತು ಬಂದವರು ಅದೇ ಪ್ರಾಣಿಯನ್ನು ಹತ್ತು ಲೆವೆಲ್ ಮೇಲೇರಿಸಲು ಹುಲ್ಲಿನಲ್ಲಿ ಗಂಟೆಗಟ್ಟಲೆ ಸುತ್ತುತ್ತಾರೆ. ಆ ಶ್ರಮ ಬೇಕಾಗಿಯೇ ಇಲ್ಲ. ಸೋತಾಗ ಮಾಡಬೇಕಾದ ಮೊದಲ ಕೆಲಸ ಸುತ್ತಮುತ್ತಲ ಹುಲ್ಲು, ಗವಿಗಳನ್ನು ನೋಡಿ ಬರುವುದು.

ಲೆವೆಲ್ ಬಗ್ಗೆಯೂ ಒಂದು ಮಾತು. ಕಾಳಗದಲ್ಲಿ ಗೆದ್ದಾಗ ಅನುಭವದ ಅಂಕಗಳು ಸಿಗುತ್ತವೆ. ಆ ಕಾಳಗದಲ್ಲಿ ಒಂದು ಕ್ಷಣ ಮುಖ ತೋರಿಸಿ ಹಿಂದೆ ಸರಿದ ಪ್ರಾಣಿಗೂ ಅದರಲ್ಲಿ ಪಾಲುಂಟು. ಆದ್ದರಿಂದ ಎಳೆಯ ಪ್ರಾಣಿಯನ್ನು ಸಾಲಿನಲ್ಲಿ ಮೊದಲಿಗೆ ನಿಲ್ಲಿಸಿ, ಕಾಳಗ ಶುರುವಾದ ಕೂಡಲೇ ಬಲಿಷ್ಠವಾದದ್ದಕ್ಕೆ ಜಾಗ ಬಿಡಿಸಿದರೆ ಇಬ್ಬರಿಗೂ ಅರ್ಧರ್ಧ ಸಿಗುತ್ತದೆ. ನಿಮ್ಮ ಜೊತೆ ಒಮ್ಮೆಗೆ ಆರು ಪ್ರಾಣಿಗಳಿರಬಹುದು. ಹೊಸಬರು ಐದನ್ನು ಮೂಲೆಗೆ ಹಾಕಿ ಒಂದನ್ನೇ ಬೆಳೆಸುತ್ತಾರೆ. ಅದು ಕಥೆಯ ಮುಕ್ಕಾಲು ಭಾಗವನ್ನು ದಾಟಿಸುತ್ತದೆ ಎಂಬುದೂ ನಿಜ. ಆಟದ ಕೊನೆಯ ಅಖಾಡವಾದ ಇಂಡಿಗೋ ಪ್ಲಾಟೋದಲ್ಲಿ, ಹಿಮ, ಕಾಳಗ ಮತ್ತು ಬಂಡೆ, ವಿಷ ಮತ್ತು ಭೂತ, ಡ್ರ್ಯಾಗನ್ ಹೀಗೆ ಬೇರೆ ಬೇರೆ ಟೈಪಿನ ನಾಲ್ವರು, ಅವರ ಹಿಂದೆ ಚಾಂಪಿಯನ್, ಐವರನ್ನೂ ನಡುವೆ ಆಸ್ಪತ್ರೆಗೆ ಹೋಗದೆ ಒಂದೇ ಬೀಸಿನಲ್ಲಿ ಎದುರಿಸುವಾಗ ಆ ಒಂಟಿ ವೀರನ ಬಂಡವಾಳ ಬಯಲಾಗುತ್ತದೆ.

ಪ್ರಾಣಿಗಳಿಗೆ ಹುಟ್ಟಿನಿಂದಲೇ 0ಯಿಂದ 15ರವರೆಗಿನ ಗುಪ್ತ ಅಂಕಗಳಿರುತ್ತವೆ, ಕಾದಾಡಿದಷ್ಟೂ ಕೂಡುತ್ತ ಹೋಗುವ ಇನ್ನೊಂದು ಗುಪ್ತ ಲೆಕ್ಕವೂ ಇದೆ. ಮೊದಲ ಸಲ ಆಡುವವರು ಇವೆರಡನ್ನೂ ಮರೆತುಬಿಡಬಹುದು. ಇವುಗಳ ಬೆನ್ನು ಹತ್ತಿದವರು ಆಟ ಆಡುವುದನ್ನು ನಿಲ್ಲಿಸಿ ಗುಮಾಸ್ತಿಕೆಗೆ ಸೇರಿದಂತೆಯೇ ಸರಿ.

ಹಿಡಿಯುವ ಲೆಕ್ಕ ಮಾತ್ರ ತಿಳಿದಿರಲೇಬೇಕು, ಏಕೆಂದರೆ ಇಲ್ಲಿ ನಮ್ಮ ಸಹಜ ಊಹೆ ಪೂರ್ತಿ ಸರಿಯಲ್ಲ. ಪ್ರಾಣಿಯ ಜೀವಬಲ ಇಳಿಸಿ, ಹಿಡಿಯಲೆಂದೇ ಇರುವ ಚೆಂಡು ಎಸೆದರೆ ಸಿಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಜೀವಬಲಕ್ಕೆ ಬೆಲೆ ಇದೆ, ಆದರೆ ಎರಡನೆಯ ಹಂತದಲ್ಲಿ. ಪ್ರತಿ ಜಾತಿಗೂ 255ರೊಳಗಿನ ಒಂದು ಅಂಕ ಗೊತ್ತುಮಾಡಿದ್ದಾರೆ. ಬೀದಿಬೀದಿಯಲ್ಲಿ ಸಿಗುವ ಪಿಜಿ ಹಕ್ಕಿಗೆ 255, ಆಟದ ಅತ್ಯಂತ ಬಲಿಷ್ಠ ಪ್ರಾಣಿ ಮ್ಯೂಟೂಗೆ 3. ನೀವು ಅಲ್ಟ್ರಾ ಬಾಲ್ ಎಂಬ ಚೆಂಡು ಎಸೆದಾಗ ಆಟ 0ಯಿಂದ 150ರ ನಡುವಿನ ಒಂದು ಸಂಖ್ಯೆಯನ್ನು ಎತ್ತುತ್ತದೆ. ಮ್ಯೂಟೂ ಎಚ್ಚರವಾಗಿದ್ದರೆ ಆ ಸಂಖ್ಯೆ 3ನ್ನು ಮೀರಿದ ಕೂಡಲೇ ಚೆಂಡು ವ್ಯರ್ಥ. ಮೀರದಿದ್ದರೆ ಮಾತ್ರ ಜೀವಬಲದ ವಿಚಾರಣೆ. ಅಂದರೆ ಎಷ್ಟೇ ಜಜ್ಜಿದ್ದರೂ 38 ಎಸೆತಕ್ಕೆ ಒಂದರಷ್ಟೇ ಆಸೆ. ಅದೇ ಮ್ಯೂಟೂ ನಿದ್ರಿಸುತ್ತಿದ್ದರೆ ಅಥವಾ ಹೆಪ್ಪುಗಟ್ಟಿದ್ದರೆ, ಎತ್ತಿದ ಸಂಖ್ಯೆ 25ಕ್ಕಿಂತ ಕಡಿಮೆ ಇದ್ದರೆ ಬೇರೆ ವಿಚಾರಣೆಯೇ ಇಲ್ಲದೆ ಕೈಸೆರೆ. ಅದು ಆರು ಎಸೆತಕ್ಕೆ ಒಂದು. ಪಾರ್ಶ್ವವಾಯು, ವಿಷ, ಸುಟ್ಟಗಾಯಗಳಿಗೆ ಈ ರಿಯಾಯಿತಿ 12ರದ್ದು. ದೊಡ್ಡ ಬೇಟೆಗೆ ಹೊರಡುವಾಗ ಹೊಡೆಯಬಲ್ಲವನಿಗಿಂತ ನಿದ್ರೆ ಬರಿಸಬಲ್ಲವನು ಮುಖ್ಯ. ಚೆಂಡು ಅಲುಗುವಾಗ ಗುಂಡಿಯನ್ನು ಒತ್ತಿ ಹಿಡಿದರೆ ಸಿಗುತ್ತದೆ ಎಂಬ ನಂಬಿಕೆ ಜಗತ್ತಿನ ಶಾಲಾ ಮೈದಾನಗಳಲ್ಲೆಲ್ಲ ಇತ್ತು. ಅದರಿಂದ ಏನೂ ಆಗುವುದಿಲ್ಲ. ಆದರೂ ಒತ್ತದೆ ಇರಲು ಕೈ ಕೇಳುವುದಿಲ್ಲ, ಅದು ಬೇರೆ ಮಾತು.

ಇನ್ನು ಮನೆವಾರ್ತೆಯ ತಾಪತ್ರಯಗಳು. ಚೀಲದಲ್ಲಿ 20 ಬಗೆಯ ವಸ್ತುಗಳಿಗೆ ಮಾತ್ರ ಜಾಗ. ಉಳಿದದ್ದನ್ನು ಊರೂರಿನ ಪೋಕೆಮಾನ್ ಆಸ್ಪತ್ರೆಯಲ್ಲಿರುವ ಕಂಪ್ಯೂಟರಿಗೆ ಹಾಕಿಡಬೇಕು. ಆರಕ್ಕಿಂತ ಹೆಚ್ಚಿನ ಪ್ರಾಣಿಗಳೂ ಅದೇ ಕಂಪ್ಯೂಟರಿನ ಪೆಟ್ಟಿಗೆಗಳಿಗೆ ಹೋಗುತ್ತವೆ. ಪೆಟ್ಟಿಗೆ 12, ಒಂದೊಂದರಲ್ಲಿ 20 ಪ್ರಾಣಿ. ಒಂದು ತುಂಬಿದರೆ ಮುಂದಿನದು ತಾನಾಗಿ ತೆರೆಯುವುದಿಲ್ಲ, ನೀವೇ ಬದಲಿಸಬೇಕು. ಮರೆತರೆ, ಅಪರೂಪದ ಪ್ರಾಣಿ ಎದುರಾದಾಗ ಚೆಂಡು ಎಸೆಯಲು ಆಟ ಬಿಡುವುದೇ ಇಲ್ಲ. ಸೇವ್ ಎಲ್ಲಿ ಬೇಕಾದರೂ ಮಾಡಬಹುದು, ಆದರೆ ಉಳಿಯುವುದು ಒಂದೇ. ಎಲ್ಲ ಪ್ರಾಣಿಗಳೂ ಮೂರ್ಛೆ ಹೋದರೆ ಕೊನೆಯದಾಗಿ ಭೇಟಿ ಕೊಟ್ಟ ಆಸ್ಪತ್ರೆಯಲ್ಲಿ ಎಚ್ಚರವಾಗುತ್ತದೆ, ಜೇಬಿನ ಅರ್ಧ ಹಣ ಹೋಗಿರುತ್ತದೆ.

ಎಚ್‌ಎಂ ಎಂಬ ಐದು ಪಟ್ಟುಗಳ ಬಗ್ಗೆ ಹುಷಾರಾಗಿರಿ. ದಾರಿಗೆ ಅಡ್ಡವಾದ ಗಿಡ ಕಡಿಯುವುದು, ಹಾರುವುದು, ನೀರಿನ ಮೇಲೆ ಸಾಗುವುದು, ಬಂಡೆ ತಳ್ಳುವುದು, ಕತ್ತಲ ಗವಿಯಲ್ಲಿ ಬೆಳಕು ಹಾಯಿಸುವುದು ಇವುಗಳ ಕೆಲಸ. ಒಂದು ಪ್ರಾಣಿ ನೆನಪಿಟ್ಟುಕೊಳ್ಳುವುದು ನಾಲ್ಕೇ ಪಟ್ಟು. ಬೇರೆ ಪಟ್ಟನ್ನು ಮರೆಸಿ ಹೊಸದನ್ನು ಕಲಿಸಬಹುದು, ಆದರೆ ಎಚ್‌ಎಂ ಕಲಿಸಿದರೆ ಆಟ ಮುಗಿದರೂ ಅಳಿಸಲಾಗದು. ಚಾರ್ಮ್ಯಾಂಡರ್ ಬೆಳೆದು ತಾಳುವ ರೂಪವಾದ ಪ್ರೀತಿಯ ಚಾರಿಜಾರ್ಡ್‌ಗೆ ಗಿಡ ಕಡಿಯುವುದನ್ನು ಕಲಿಸಿ ಕೂತವರು ಎಷ್ಟೋ ಜನ. ವರ್ಮಿಲಿಯನ್ ಊರಿನಲ್ಲಿ ಸ್ಪಿಯರೋ ಎಂಬ ಸಾಮಾನ್ಯ ಹಕ್ಕಿಯನ್ನು ಕೊಟ್ಟರೆ ಬದಲಿಗೆ ಫಾರ್‌ಫೆಚ್ಡ್ ಎಂಬ ಬಾತುಕೋಳಿ ಕೊಡುವವರಿದ್ದಾರೆ. ಅದು ಕಡಿಯಲೂ ಬಲ್ಲದು, ಹಾರಲೂ ಬಲ್ಲದು. ಕಾಳಗಕ್ಕೆ ಅಷ್ಟಕ್ಕಷ್ಟೇ, ಚಾಕರಿಗೆ ಹೇಳಿಮಾಡಿಸಿದ್ದು.

ಒಬ್ಬರೇ ಕುಳಿತು ಈ ಆಟವನ್ನು ಪೂರ್ತಿ ಮಾಡಲಾಗುವುದಿಲ್ಲ. ಕಥೆ ಮುಗಿಸಬಹುದು, ಸಂಗ್ರಹ ಮುಗಿಯುವುದಿಲ್ಲ. ತಜಿರಿ ಕಲ್ಪಿಸಿಕೊಂಡ ತಂತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ರೆಡ್‌ನಲ್ಲಿ ಸಿಗುವ ಗ್ರೌಲಿತ್, ಸೈಥರ್, ಎಲೆಕ್ಟಬಝ್ ಬ್ಲೂನಲ್ಲಿ ಇಲ್ಲ. ಬ್ಲೂನಲ್ಲಿರುವ ವಲ್ಪಿಕ್ಸ್, ಮಿಯಾವ್ತ್, ಪಿನ್ಸರ್ ರೆಡ್‌ನಲ್ಲಿ ಇಲ್ಲ. ಮೊದಲ ಮೂರು ಪ್ರಾಣಿಗಳಲ್ಲಿ ಒಂದೇ ನಿಮ್ಮದು. ಮೌಂಟ್ ಮೂನ್ ಗವಿಯ ಎರಡು ಪಳೆಯುಳಿಕೆಗಳಲ್ಲಿ ಒಂದೇ ನಿಮ್ಮದು. ಕಡಾಬ್ರಾ, ಮಶೋಕ್, ಗ್ರಾವೆಲರ್, ಹಾಂಟರ್ ಈ ನಾಲ್ಕು ಎಷ್ಟು ಲೆವೆಲ್ ಏರಿದರೂ ಕೊನೆಯ ರೂಪ ತಾಳುವುದಿಲ್ಲ, ಕೇಬಲ್ ದಾಟಿ ಇನ್ನೊಬ್ಬರ ಯಂತ್ರಕ್ಕೆ ಹೋದಾಗ ಮಾತ್ರ ಬದಲಾಗುತ್ತವೆ. ಬೆಂಕಿಪೊಟ್ಟಣದ ಚಿತ್ರ ಕೂಡಿಡುತ್ತಿದ್ದ ಕಾಲದಲ್ಲಿ ಒಂದೇ ಚಿತ್ರ ನಾಲ್ಕು ಸಿಕ್ಕವನು ಪಕ್ಕದ ಬೀದಿಯವನನ್ನು ಹುಡುಕಿಕೊಂಡು ಹೋಗುತ್ತಿದ್ದನಲ್ಲ, ಆಟ ಮಾಡಿದವರಿಗೆ ಬೇಕಾದದ್ದು ಅದೇ ನಡಿಗೆ. ಇಂದು ಒಬ್ಬಂಟಿಯಾಗಿ ಆಡುವವರು ಈ ಭಾಗವನ್ನು ಕಳೆದುಕೊಳ್ಳುತ್ತಾರೆ, ಅದಕ್ಕೆ ಪರಿಹಾರವಿಲ್ಲ. 150 ಪ್ರಾಣಿಗಳನ್ನೂ ಕಲೆಹಾಕಿದವರಿಗೆ ಸೆಲಡಾನ್ ಊರಿನ ಕಟ್ಟಡವೊಂದರಲ್ಲಿ ಆಟದ ವಿನ್ಯಾಸಕ ಒಂದು ಪ್ರಮಾಣಪತ್ರ ಕೊಡುತ್ತಾನೆ. ಬಹುಮಾನ ಅಷ್ಟೇ.

151ನೆಯದಾಗಿ ಮ್ಯೂ ಎಂಬುದೊಂದಿದೆ. ಆಟವೆಲ್ಲ ಸಿದ್ಧವಾದ ಮೇಲೆ, ದೋಷ ಹುಡುಕಲು ಹಾಕಿದ್ದ ಸಲಕರಣೆಗಳನ್ನು ತೆಗೆದಾಗ ಕಾರ್ಟ್ರಿಜ್‌ನಲ್ಲಿ 300 ಬೈಟ್‌ಗಳಷ್ಟು ಜಾಗ ಉಳಿಯಿತು. ತಂಡದ ಶಿಗೆಕಿ ಮೊರಿಮೊಟೊ ಅಲ್ಲಿ ಮ್ಯೂವನ್ನು ತುರುಕಿದರು. ಆಟದ ಯಾವ ಹುಲ್ಲಿನಲ್ಲೂ ಅದು ಎದುರಾಗುವುದಿಲ್ಲ. ಹುಡುಕಬೇಡಿ.

ಕೊನೆಯ ಗಳಿಗೆಯಲ್ಲಿ ಹೀಗೆ ತುರುಕಿದ್ದು ಓದಿದವರಿಗೆ ಆಟದ ಒಳಗೋಡೆಗಳು ಎಷ್ಟು ಬಿಗಿ ಎಂಬ ಸಂಶಯ ಬರಬೇಕು. ಸಂಶಯ ಸರಿಯೇ. ತಪ್ಪುವುದೇ ಇಲ್ಲ ಎಂದು ತೋರಿಸುವ ಪಟ್ಟುಗಳೂ 256ರಲ್ಲಿ ಒಂದು ಸಲ ಗುರಿ ತಪ್ಪುತ್ತವೆ. ಫೋಕಸ್ ಎನರ್ಜಿ ಎಂಬ ಪಟ್ಟು ಕ್ರಿಟಿಕಲ್ ಹಿಟ್ ಎಂಬ ಅನಿರೀಕ್ಷಿತ ಭಾರಿ ಹೊಡೆತದ ಸಾಧ್ಯತೆಯನ್ನು ಹೆಚ್ಚಿಸಬೇಕಿತ್ತು, ವಾಸ್ತವದಲ್ಲಿ ಕಾಲು ಭಾಗಕ್ಕೆ ಇಳಿಸುತ್ತದೆ. ಭೂತದ ಪಟ್ಟು ಮನಶ್ಶಕ್ತಿಯ ಟೈಪಿಗೆ ಸೊನ್ನೆ. 1999ರ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಅದು ಎರಡು ಪಟ್ಟಾಯಿತು. ಮನಶ್ಶಕ್ತಿಗೆ ಮಾರಕವಾದದ್ದೆಂದರೆ ಕೀಟದ ಟೈಪ್ ಒಂದೇ, ಅದರ ಪಟ್ಟುಗಳೋ ತೀರ ಬಡಪಾಯಿ. ಹೀಗಾಗಿ ಅಲಕಜಾಮ್, ಸ್ಟಾರ್ಮೀಗಳಂಥ ಮನಶ್ಶಕ್ತಿಯ ಪ್ರಾಣಿಗಳು ಈ ಆಟದಲ್ಲಿ ಯಾರಿಗೂ ಬಗ್ಗುವುದಿಲ್ಲ. ಕೊನೆಯ ನಾಲ್ವರಲ್ಲಿ ಒಬ್ಬನಾದ ಲ್ಯಾನ್ಸ್‌ನ ಡ್ರ್ಯಾಗನೈಟ್ ಎದುರು ವಿಷದ ಟೈಪಿನ ಪ್ರಾಣಿ ನಿಲ್ಲಿಸಿ ನೋಡಿ. ವಿಷಕ್ಕೆ ಮನಶ್ಶಕ್ತಿ ಮಾರಕ ಎಂದಷ್ಟೇ ಅರಿತ ಆಟದ ಬುದ್ಧಿ, ಆ ಟೈಪಿನದೆಂಬ ಒಂದೇ ಕಾರಣಕ್ಕೆ, ಒಂದಂಕದ ಪೆಟ್ಟೂ ಕೊಡದ ಪಟ್ಟುಗಳನ್ನು ಪದೇ ಪದೇ ಹಾಕುತ್ತಾ ಕೂರುತ್ತದೆ.

ಈ ದೋಷಗಳ ರಾಜ ಮಿಸಿಂಗ್‌ನೋ. ವಿರಿಡಿಯನ್ ಊರಿನ ಮುದುಕನೊಬ್ಬ ಪ್ರಾಣಿ ಹಿಡಿಯುವುದು ಹೇಗೆಂದು ತೋರಿಸಿಕೊಡುತ್ತಾನೆ. ಆಗ ಪರದೆಯಲ್ಲಿ ನಿಮ್ಮ ಹೆಸರಿನ ಬದಲು ಅವನ ಗುರುತು ಬರಬೇಕು. ಅದಕ್ಕಾಗಿ ಆಟ ನಿಮ್ಮ ಹೆಸರನ್ನು ತಾತ್ಕಾಲಿಕವಾಗಿ ಎತ್ತಿ, ಹುಲ್ಲಿನಲ್ಲಿ ಯಾವ ಪ್ರಾಣಿ ಸಿಗಬೇಕೆಂಬ ಪಟ್ಟಿ ಇರುವ ಜಾಗದಲ್ಲಿ ಇಡುತ್ತದೆ. ಮೆಮೊರಿ ಕಡಿಮೆ, ಆ ಹೊತ್ತಿಗೆ ಪಟ್ಟಿಯಿಂದ ಕೆಲಸವಿಲ್ಲ, ಇಟ್ಟರೆ ತೊಂದರೆಯೇನು? ಮುಂದಿನ ಹುಲ್ಲುಗಾವಲಿಗೆ ಹೋದಾಗ ಹೊಸ ಪಟ್ಟಿ ಬಂದು ಹೆಸರು ಅಳಿಸಿಹೋಗುತ್ತದೆ. ಆದರೆ ಮುದುಕನ ಪಾಠ ಮುಗಿದ ಕೂಡಲೇ ಸಿನ್ನಬಾರ್ ದ್ವೀಪಕ್ಕೆ ಹಾರಿಹೋದರೆ ಅಲ್ಲಿ ಹುಲ್ಲೇ ಇಲ್ಲ, ಹೊಸ ಪಟ್ಟಿಯೂ ಬರುವುದಿಲ್ಲ. ದ್ವೀಪದ ಪೂರ್ವದಂಡೆಯ ನೀರಿನ ಅಂಚಿಗೆ ಮಾತ್ರ ಹುಲ್ಲಿನ ಪಟ್ಟಿಯನ್ನು ಓದುವ ಚಾಳಿ. ಅಲ್ಲಿ ಮೇಲೆ ಕೆಳಗೆ ಈಜಿದರೆ ಆಟ ನಿಮ್ಮ ಹೆಸರಿನ ಅಕ್ಷರಗಳನ್ನೇ ಪ್ರಾಣಿಗಳ ಸಂಖ್ಯೆ ಎಂದು ಓದಿ, ಅಸ್ತವ್ಯಸ್ತ ಚೌಕಗಳ ಒಂದು ಆಕಾರವನ್ನು ಮುಂದೆ ನಿಲ್ಲಿಸುತ್ತದೆ. ಅದನ್ನು ಕಂಡ ಮಾತ್ರಕ್ಕೆ ಚೀಲದ ಆರನೆಯ ವಸ್ತುವಿಗೆ 128 ಸೇರಿಕೊಳ್ಳುತ್ತದೆ. ಗೆದ್ದವರ ದಾಖಲೆಯ ಚಿತ್ರಗಳು ಕೆಡುವುದೂ ಉಂಟು. ಮೊದಲ ಸಲ ಆಡುವವರು ಇದರ ಗೊಡವೆಗೆ ಹೋಗಬೇಡಿ. ತಿನ್ನಿಸಿದರೆ ಒಂದು ಲೆವೆಲ್ ಏರಿಸುವ ಅಪರೂಪದ ಮಿಠಾಯಿ ನೂರಿಪ್ಪತ್ತೆಂಟು ಸಿಕ್ಕಿದರೆ ಲೆವೆಲ್‌ಗೆ ಬೆಲೆಯೇ ಇರುವುದಿಲ್ಲ.

ದಾರಿ ತಪ್ಪಿದಾಗ ಏನು ಮಾಡಬೇಕು? ಊರಿನ ಎಲ್ಲರನ್ನೂ ಮಾತನಾಡಿಸಿ. ಸ್ಯಾಫ್ರನ್ ಪಟ್ಟಣದ ಬಾಗಿಲಲ್ಲಿ ಕಾವಲುಗಾರರು ತಡೆದು ನಿಲ್ಲಿಸಿದಾಗ ಅವರು ಬಾಯಾರಿಕೆ ಎನ್ನುತ್ತಾರೆ. ಆಟದಲ್ಲಿ ಯಾರೂ ಸುಮ್ಮನೆ ಬಾಯಾರಿಕೆ ಎನ್ನುವುದಿಲ್ಲ. ಇಷ್ಟು ಹೇಳಿ ನಿಲ್ಲಿಸುತ್ತೇನೆ. 18 ಅಕ್ಷರಗಳ ಸಾಲಿನಲ್ಲಿ ಒಬ್ಬ ಮುದುಕಿ ಏನೋ ಗೊಣಗಿದಳೆಂದರೆ ಅದಕ್ಕೆ ಜಾಗ ಮಾಡಿಕೊಡಲು ಇನ್ನೇನನ್ನೋ ಬಿಟ್ಟಿದ್ದಾರೆ ಎಂದು ತಿಳಿಯಿರಿ.

ಹಳೆಯ ಕಾರ್ಟ್ರಿಜ್ ಕೊಳ್ಳುವವರು ಅದು ಸೇವ್ ಉಳಿಸಿಕೊಳ್ಳುತ್ತದೆಯೇ ಎಂದು ಮೊದಲು ನೋಡಿ. ಒಳಗಿರುವ ಗುಂಡಿ ಬ್ಯಾಟರಿ ಸತ್ತಿದ್ದರೆ ಯಂತ್ರ ಆರಿಸಿದ ಕೂಡಲೇ ಎಲ್ಲವೂ ಹೋಗುತ್ತದೆ. 2004ರಲ್ಲಿ ಬಂದ ಫೈರ್‌ರೆಡ್, ಲೀಫ್‌ಗ್ರೀನ್ ಇದೇ ಕಥೆಯನ್ನು ಬಣ್ಣದಲ್ಲಿ, ಸ್ಪೆಷಲ್ ಅಂಕವನ್ನು ಎರಡಾಗಿ ಒಡೆದು, ದೋಷಗಳನ್ನು ತಿದ್ದಿ ಹೇಳುತ್ತವೆ. ಸುಖವಾಗಿ ಆಡಬೇಕೆಂದರೆ ಅದು ಒಳ್ಳೆಯದು.

ಚಾಂಪಿಯನ್‌ನನ್ನು ಸೋಲಿಸಿದ ಮೇಲೆ ಸೆರೂಲಿಯನ್ ಊರಿನ ಪಕ್ಕದ ಗವಿಯ ಕಾವಲುಗಾರ ಜಾಗ ಖಾಲಿ ಮಾಡಿರುತ್ತಾನೆ. ಒಳಗೆ, ಕೊನೆಯ ಕೋಣೆಯಲ್ಲಿ, 70ನೇ ಲೆವೆಲಿನ ಮ್ಯೂಟೂ ನಿಂತಿದೆ. ಒಂದೇ ಒಂದು. ಹೊಡೆದು ಬೀಳಿಸಿದರೆ ಮತ್ತೆ ಬರುವುದಿಲ್ಲ. ಎಂದೂ ತಪ್ಪದ ಮಾಸ್ಟರ್ ಬಾಲ್ ಕಥೆಯಲ್ಲಿ ಒಂದೇ ಸಿಗುತ್ತದೆ, ಅದನ್ನು ಇಷ್ಟರೊಳಗೆ ಖರ್ಚು ಮಾಡದಿದ್ದರೆ ಕೆಲಸ ಸುಲಭ. ಮಾಡಿದ್ದರೆ ನಿದ್ರೆ ಬರಿಸುವ ಪ್ರಾಣಿಯೊಂದನ್ನೂ ಚೀಲದ ತುಂಬ ಅಲ್ಟ್ರಾ ಬಾಲ್‌ಗಳನ್ನೂ ಒಯ್ಯಿರಿ. ಎರಡು ಹೆಜ್ಜೆ ಹಿಂದೆ ನಿಂತು ಸೇವ್ ಮಾಡಿ. ಕೈತಪ್ಪಿದರೆ ಯಂತ್ರ ಆರಿಸಿ ಮತ್ತೆ ಹೊತ್ತಿಸಿ.